ಗಡ್ಡಪ್ಪನ ದಣಿವು, ನಮ್ಮ ತಾತನ ದಣಿವು

‘ತಿಥಿ’ ಸಿನಿಮಾ ನೋಡಿ ಬಂದ ನನ್ನ ಗೆಳೆಯರಲ್ಲಿ ಹಲವರು ಗಡ್ಡಪ್ಪನನ್ನು ಅವಧೂತ ಎಂದರು. ಒಬ್ಬರಂತೂ ಅಲ್ಲಮನ ತನಕ ಹೋದರು. ಆ ಮುದುಕ ನನಗೂ ಇಷ್ಟವಾದ. ಆದರೆ ಅವಧೂತ ಅನ್ನೋ ಮಾತು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ಯಾಕೆ ಇಳಿಯಲಿಲ್ಲ ಅಂತ ಹೇಳುವುದಕ್ಕೇ ಈ ಬರಹ.

ಕತೆ ಗೊತ್ತಿಲ್ಲದವರಿಗೆ ಎರಡು ಮಾತು. ಮಂಡ್ಯ ಸೀಮೆಯ ಒಂದು ಹಳ್ಳಿ. 101 ವರ್ಷದ ಸೆಂಚುರಿ ಗೌಡ ಬೀದೀಲಿ ಹೋಗೋರು ಬರೋರನ್ನೆಲ್ಲ ಬೈಕೊಂಡು ಕೂತಿದ್ದವನು ಇದ್ದಕ್ಕಿದ್ದಂತೆ ಸತ್ತುಹೋಗುತ್ತಾನೆ. 11ನೇ ದಿನಕ್ಕೆ ತಿಥಿ. 5 ಎಕರೆ ಜಮೀನು ಸತ್ತವನ ಹೆಸರಲ್ಲಿದೆ. ಅದು ಮಗ ಗಡ್ಡಪ್ಪನಿಗೆ ಬರಬೇಕು. ಅವನೂ ಮುದುಕನೇ, ಅಭಿ ಎಂಬ ಹುಡುಗನ ತಾತ. ಜಮೀನು, ಮನೆ, ಸಂಸಾರ ಯಾವುದೂ ಅವನಿಗೆ ಬೇಡ. ಬ್ರಾಂದಿ ಕುಡಕೊಂಡು ಹೊಲದ ಬದುವಿನ ಮೇಲೆ ನಡೀತಾ ಇರುತ್ತಾನೆ. ಮಗ ತಮ್ಮಣ್ಣನಿಗೆ ಜಮೀನು ಮಾರುವ ಅವಸರ. ಬದುಕಿರುವ ಅಪ್ಪ ಸತ್ತಿದ್ದಾನೆಂದು ಸುಳ್ಳು ಕಾಗದ ಮಾಡಿಸಿ, ಕೈಗೆ ದುಡ್ಡು ಕೊಟ್ಟು ಅವನನ್ನು ಊರು ಬಿಡಿಸುತ್ತಾನೆ. ಗಡ್ಡಪ್ಪ ಹೋಗಿ ಕುರಿ ಕಾಯುವವರ ಜೊತೆ ಸೇರಿಕೊಳ್ಳುತ್ತಾನೆ.

ರಾಮ್ ರೆಡ್ಡಿ ನಿರ್ದೇಶಿಸಿ ಈರೇಗೌಡ ಬರೆದ ಈ ಚಿತ್ರ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಬಹುಮಾನ ಪಡೆದು 2016ರಲ್ಲಿ ನಮ್ಮ ಥಿಯೇಟರುಗಳಿಗೆ ಬಂತು. ನಟಿಸಿದವರು ವೃತ್ತಿನಟರಲ್ಲ, ಆ ಸೀಮೆಯ ಹಳ್ಳಿಗರು. ಮೀಸೆ ತಿರುವಿ ತೀರ್ಪು ಕೊಡುವ ಸಿನಿಮಾ ಗೌಡರನ್ನು ನೋಡಿ ನೋಡಿ ಸಾಕಾಗಿದ್ದ ನಮಗೆ, ಬಡ್ಡಿ ಸಾಲಕ್ಕೆ ಅಲೆಯುವ, ಅಪ್ಪನನ್ನೇ ಕಾಗದದಲ್ಲಿ ಸಾಯಿಸುವ ಈ ಗೌಡರ ಮನೆ ಹೊಸದಾಗಿ ಕಂಡಿತು. ಆಸ್ತಿ ಒಂದು ಸಂಸಾರವನ್ನು ಒಳಗಿನಿಂದ ಹೇಗೆ ತಿನ್ನುತ್ತದೆ ಎಂಬುದನ್ನು ಅಬ್ಬರವಿಲ್ಲದೆ ತೋರಿಸಿದ್ದು ಈ ಚಿತ್ರದ ದೊಡ್ಡ ಗುಣ. ಇದನ್ನು ಮೊದಲು ಒಪ್ಪಿಕೊಂಡೇ ಮುಂದಿನ ಮಾತು.

ಬೇಡ ಅನ್ನುವುದಕ್ಕೆ ಮೊದಲು ಇರಬೇಕು. ಗಡ್ಡಪ್ಪನ ವೈರಾಗ್ಯಕ್ಕೆ ಒಂದು ಸರ್ವೆ ನಂಬರಿದೆ, ಪಹಣಿಯಿದೆ. ಅವನು ಬಿಟ್ಟು ನಡೆದರೂ ಆ 5 ಎಕರೆ ಅವನ ಬೆನ್ನ ಹಿಂದೆ ನಡೆದು ಬರುತ್ತದೆ. ಮಗ ಅವನನ್ನು ಹುಡುಕುವುದು, ಊರು ಅವನನ್ನು ಸಹಿಸುವುದು, ಎಲ್ಲಿ ಬೇಕೆಂದರಲ್ಲಿ ಅವನು ಕೂತು ಕುಡಿಯಬಹುದಾದದ್ದು, ಇವೆಲ್ಲದರ ಹಿಂದೆ ಆ ಪಹಣಿಯೂ ಜಾತಿಯೂ ನಿಂತಿವೆ.

ನಮ್ಮ ತಾತನೂ ನಡೆದು ನಡೆದು ದಣಿದವನೇ. ಅವನು ಊರಿನ ತೋಟಿ. ಯಾರೇ ಗೌಡರು ಸತ್ತರೂ ಸುತ್ತ ಹತ್ತೂರಿಗೆ ಸುದ್ದಿ ಮುಟ್ಟಿಸಿ ಬರೋದು ಅವನ ಚಾಕರಿ. ಅದಕ್ಕೆ ಪ್ರತಿಯಾಗಿ ಒಂದೂವರೆ ಎಕರೆ ಇನಾಮ್ತಿ ಅಂತ ಇತ್ತು. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ ಜಾರಿಗೆ ಬಂದ ಮೇಲೆ ಅಂಥ ಜಮೀನು ಸರ್ಕಾರಕ್ಕೆ ಸೇರಿ, ಹಿಡಿದಿದ್ದವನಿಗೆ ಮರುಮಂಜೂರು ಆಗಬೇಕಿತ್ತು. ತಾತ ಆ ಮಂಜೂರಾತಿಗಾಗಿ ಕಚೇರಿಗೆ ನಡೆದ. ‘ನಾಳೆ ಬಾ’ ಅಂದರು. ನಾಳೆ ಹೋದ. ಬಸ್ಸಿನ ದುಡ್ಡು ಉಳೀತದೆ ಅಂತ ನಡಕೊಂಡೇ ಹೋದ. 1974ರ ಭೂಸುಧಾರಣೆ ತಿದ್ದುಪಡಿ ಗೇಣಿದಾರರಿಗೆ ಭೂಮಿ ಕೊಟ್ಟಿತು, ಅದು ದೊಡ್ಡ ಕೆಲಸವೇ. ಆದರೆ ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡುತ್ತಿದ್ದ ನಮ್ಮ ಕೇರಿಗೆ ಅದರಿಂದ ಏನೂ ಬರಲಿಲ್ಲ. ಹಂಗಾಗಿ ತಾತನ ನಡಿಗೆ ನಿಲ್ಲಲಿಲ್ಲ.

ಇಬ್ಬರು ಮುದುಕರ ನಡಿಗೆಯನ್ನು ಪಕ್ಕಪಕ್ಕ ಇಟ್ಟು ನೋಡಿ. ಒಬ್ಬ ಭೂಮಿಯಿಂದ ದೂರ ನಡೆಯುತ್ತಾನೆ, ಇನ್ನೊಬ್ಬ ಭೂಮಿಯ ಕಡೆಗೆ. ಬದುಕಿರುವ ಗಡ್ಡಪ್ಪನನ್ನು ಸತ್ತವನೆಂದು ತೋರಿಸಲು ಮಗ ದುಡ್ಡು ಸುರಿಯಬೇಕಾಯಿತು. ನಮ್ಮ ತಾತ ಬದುಕಿದ್ದಾಗಲೇ ದಾಖಲೆಯಲ್ಲಿ ಇರಲಿಲ್ಲ, ಅದಕ್ಕೆ ಯಾರಿಗೂ ಒಂದು ಕಾಸೂ ಖರ್ಚಾಗಲಿಲ್ಲ.

ದೇವನೂರರ ‘ಒಡಲಾಳ’ದ ಸಾಕವ್ವ ಇಲ್ಲಿ ನೆನಪಾಗುತ್ತಾಳೆ. ಅವಳೂ ಮುಪ್ಪಿನವಳು, ದಣಿದವಳು. ಆದರೆ ಕಳೆದುಹೋದ ಒಂದು ಹುಂಜಕ್ಕಾಗಿ ಊರೆಲ್ಲ ಹುಡುಕುತ್ತಾಳೆ. ಆ ಮನೆಯವರು ಕದ್ದು ತಂದ ಕಡಲೆಕಾಯಿ ತಿಂದದ್ದಕ್ಕೆ ಪೊಲೀಸರು ಮನೆಗೇ ಬರುತ್ತಾರೆ. ಅಲ್ಲಿ ವೈರಾಗ್ಯಕ್ಕೆ ಪುರುಸೊತ್ತಿಲ್ಲ. ಹುಂಜ ಬಿಟ್ಟುಕೊಡಲಾಗದವಳನ್ನು ಜಗಳಗಂಟಿ ಮುದುಕಿ ಅನ್ನುವುದು, 5 ಎಕರೆ ಬಿಟ್ಟುಕೊಡಬಲ್ಲವನನ್ನು ಅವಧೂತ ಅನ್ನುವುದು, ಇದು ಯಾವ ವಿಮರ್ಶೆ?

ಹಾಗೆ ನೋಡಿದರೆ ಈ ಪಟ್ಟ ಗಡ್ಡಪ್ಪನಿಗೂ ಅನ್ಯಾಯವೇ. ರಾತ್ರಿ ಬೆಂಕಿ ಮುಂದೆ ಕುರಿಯವರ ಹತ್ತಿರ ಅವನು ತನ್ನ ಬದುಕಿನ ಕತೆ ಹೇಳುತ್ತಾನೆ. ಅಪ್ಪನಿಂದಲೇ ತನ್ನ ಸಂಸಾರಕ್ಕೆ ಬಿದ್ದ ಏಟನ್ನು ದನಿ ಏರಿಸದೆ ಹೇಳುತ್ತಾನೆ. ಅವನ ನಿರಾಸೆ ದರ್ಶನವಲ್ಲ, ಗಾಯ. ಆ ಅಪ್ಪನ ಹೆಸರಿನ ಮಣ್ಣು ಅವನಿಗೆ ಬೇಡವಾಗಿರುವುದು ಅದಕ್ಕೇ. ಮನೆಯವರಿಗೆ ಹೇಳದ್ದನ್ನು ಅಲೆಮಾರಿಗಳಿಗೆ ಹೇಳಿದ ಎಂಬಲ್ಲಿ ಸಿನಿಮಾದ ನಿಜವಾದ ರಾಜಕೀಯ ಇದೆ. ಚಿತ್ರಕ್ಕೆ ಇದು ಗೊತ್ತಿದೆ. ಗೊತ್ತಿಲ್ಲದ್ದು ಹೊಗಳುವ ನಮ್ಮ ಗೆಳೆಯರಿಗೆ.

ಚಿತ್ರದ ಮೇಲೂ ನನ್ನದೊಂದು ತಕರಾರಿದೆ. ಗೌಡರ ಮೂರು ತಲೆಮಾರಿನ ಹಟ, ಆಸೆ, ಸುಸ್ತು ಎಲ್ಲವನ್ನೂ ಬಲ್ಲ ಕ್ಯಾಮರಾ ಕೇರಿಯ ಒಬ್ಬ ಮುದುಕನ ಹಿಂದೆ ಅವನ ಮನೆತನಕ ನಡೆಯುವುದಿಲ್ಲ. ಮೀಸಲಾತಿ ಲೆಕ್ಕದಲ್ಲಿ ಒಂದು ದಲಿತ ಪಾತ್ರ ತುರುಕಿ ಅಂತ ನಾನು ಕೇಳುತ್ತಿಲ್ಲ. ಒಂದು ಸಾವಿಗೆ ಇಡೀ ಊರು ದುಡಿಯುತ್ತದೆ. ಹಂಗೆ ದುಡಿದವನ ಸಂಜೆ ಹೇಗಿರುತ್ತದೆ ಎಂಬುದೂ ಆ ತಿಥಿಯ ಕತೆಯೇ ಅಂತ ಮಾತ್ರ ಹೇಳುತ್ತಿದ್ದೇನೆ. ಆ ಸಿನಿಮಾವನ್ನು ನಾವೇ ಮಾಡಬೇಕೇನೋ.

ನಮ್ಮ ತಾತ ಸತ್ತಾಗ ಅವನ ಹೆಸರಲ್ಲಿ ಒಂದು ಗುಂಟೆಯೂ ಇರಲಿಲ್ಲ. ಮಕ್ಕಳು ಜಗಳಾಡಲಿಲ್ಲ, ಯಾರೂ ಸುಳ್ಳು ಕಾಗದ ಮಾಡಿಸಲಿಲ್ಲ. 11ನೇ ದಿನ ಎಲ್ಲರೂ ಉಂಡು ಕೂಲಿಗೆ ಹೋದರು. ಅದನ್ನು ಯಾರೂ ವೈರಾಗ್ಯ ಅಂತ ಕರೆಯಲಿಲ್ಲ.