ಬಿಗಿ ಮೌಲ್ಯಮಾಪನ ಮತ್ತು ಕಾಲೇಜಿನ ಪಾಠ

ಅಂಕ ಬಿಗಿಹಿಡಿಯುವ ಕಾಲೇಜಿನಲ್ಲಿ ಪಾಠ ಚೆನ್ನಾಗಿರುತ್ತದೆ, ಧಾರಾಳವಾಗಿ ಕೊಡುವಲ್ಲಿ ಸಡಿಲ ಎಂಬ ಅಳತೆ ಬಳ್ಳಾರಿ ಸೀಮೆಗೆ ಹೊಂದುವುದಿಲ್ಲ. ಇಲ್ಲಿ ಅಂತಿಮ ಪರೀಕ್ಷೆಯ ಅಂಕ ಕಾಲೇಜಿನ ಕೈಯಲ್ಲಿಲ್ಲ. 1945ರಲ್ಲಿ ಆರಂಭವಾದ ಬಳ್ಳಾರಿಯ ವೀರಶೈವ ಕಾಲೇಜಿನ ವಿದ್ಯಾರ್ಥಿಗಳಿಗೆ ಮೊದಲು ಪರೀಕ್ಷೆ ನಡೆಸುತ್ತಿದ್ದುದು ಮದ್ರಾಸ್ ವಿಶ್ವವಿದ್ಯಾಲಯ. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. 1980ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯ, 2010ರಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಹುಟ್ಟಿದವು. ತರಗತಿ ಇದ್ದಲ್ಲೇ ಇತ್ತು, ಅಳೆಯುವ ಕೈ ಮಾತ್ರ ಬದಲಾಗುತ್ತ ಬಂತು. ಫಲಿತಾಂಶದ ಏರಿಳಿತವನ್ನೆಲ್ಲ ಪಾಠದ ಲೆಕ್ಕಕ್ಕೆ ಹಾಕುವುದು ಆದ್ದರಿಂದ ತಪ್ಪು.

ಸಿರುಗುಪ್ಪ, ಕುರುಗೋಡಿನ ಪದವಿ ತರಗತಿಯಲ್ಲಿ ಪಾಠ ಹೇಳಿದವರು ಒಬ್ಬರು, ಉತ್ತರ ಪತ್ರಿಕೆ ತಿದ್ದುವವರು ಇನ್ನೊಬ್ಬರು. ತಿದ್ದುವವರ ಮುಂದೆ ಇರುವುದು ವಿದ್ಯಾರ್ಥಿಯ ಹೆಸರಿನ ಬದಲು ಒಂದು ಸಂಖ್ಯೆ, ಯಾವ ಅಂಶಕ್ಕೆ ಎಷ್ಟು ಅಂಕ ಎಂದು ಹೇಳುವ ಒಂದು ಸ್ಕೀಮ್. ಅರ್ಥಶಾಸ್ತ್ರದ ಪತ್ರಿಕೆಯಲ್ಲಿ 'ನೀರಾವರಿಯ ಪರಿಣಾಮಗಳು' ಎಂಬ ಪ್ರಶ್ನೆ ಬಂತೆಂದುಕೊಳ್ಳಬಹುದು. ಸಿರುಗುಪ್ಪದ ಭತ್ತದ ಗದ್ದೆಗಳ ನಡುವೆ ಬೆಳೆದ ಹುಡುಗಿಗೆ ತುಂಗಭದ್ರಾ ಕಾಲುವೆ ನೀರು ತಂದ ಬೆಳೆಯೂ ಗೊತ್ತು, ನೀರು ನಿಂತು ಸವುಳಾದ ಹೊಲದ ಮೇಲಿನ ಬಿಳಿ ಉಪ್ಪೂ ಗೊತ್ತು. ಆದರೂ ಗೈಡಿನ ಐದು ಅಂಶಗಳನ್ನೇ ಆಕೆ ಬರೆಯುತ್ತಾಳೆ, ಸ್ಕೀಮಿನಲ್ಲಿರುವುದು ಅವೇ. ಅವುಗಳಲ್ಲಿ ಒಂದು ಬಿಟ್ಟುಹೋದರೆ ಕೈಬಿಗಿ ಮೌಲ್ಯಮಾಪಕರು ಎರಡು ಅಂಕ ಕತ್ತರಿಸುತ್ತಾರೆ, ಧಾರಾಳಿಗಳು ಬಿಡುತ್ತಾರೆ. ಆಕೆ ಕಣ್ಣಾರೆ ಕಂಡ ಹೊಲದ ಸುದ್ದಿಯನ್ನು ಇಬ್ಬರೂ ಕೇಳಲಿಲ್ಲ. ಕನ್ನಡದಲ್ಲೋ ತೆಲುಗಿನಲ್ಲೋ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯಬೇಕಾದ ವಿಜ್ಞಾನದ ವಿದ್ಯಾರ್ಥಿಗೆ ಹೋದ ಅಂಕ ವಿಷಯದ್ದೋ ಭಾಷೆಯದ್ದೋ ಎಂಬುದೂ ಅಂಕಪಟ್ಟಿಯಿಂದ ತಿಳಿಯದು.

ಬಿಗಿಗೆ ನಿಜವಾದ ಬೆಲೆ ಬರುವುದು ಆಂತರಿಕ ಅಂಕಗಳಲ್ಲಿ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಜಾರಿಗೆ ಬಂದಾಗ ರಾಜ್ಯದ ಪದವಿ ತರಗತಿಗಳಲ್ಲಿ ನೂರಕ್ಕೆ 40 ಅಂಕ ಕಾಲೇಜಿನ ಕೈಗೇ ಬಂದಿದ್ದವು. ಕಲಿಸಿದವರೇ ಅಳೆಯುವ ಈ ಜಾಗದಲ್ಲಿ ಒಬ್ಬರದನ್ನು ನೋಡಿ ಇನ್ನೊಬ್ಬರು ಇಳಿಸಿದ ಅಸೈನ್‌ಮೆಂಟಿಗೂ ತುಂಬು ಅಂಕ ಬಿದ್ದರೆ ನಷ್ಟ ದೊಡ್ಡದು. ಫೇಲಾಗುವವರು ಹೆಚ್ಚಬೇಕೆಂದೋ ಒಳ್ಳೆಯ ಅಂಕಕ್ಕೆ ಮಿತಿ ಹಾಕಬೇಕೆಂದೋ ಇದರರ್ಥವಲ್ಲ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ 2004ರಲ್ಲಿ 'ಎ' ಶ್ರೇಣಿಗಳನ್ನು ಶೇ. 35ಕ್ಕೆ ಮಿತಿಗೊಳಿಸಲು ಹೊರಟು 2014ರಲ್ಲಿ ಆ ನಿಯಮವನ್ನೇ ಕೈಬಿಟ್ಟಿತು. ವಿದ್ಯಾರ್ಥಿಗಳು ಅದನ್ನು ಕೋಟಾ ಎಂದೇ ಕಂಡಿದ್ದರು.

ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಾಂಕನದಲ್ಲಿ ತೇರ್ಗಡೆಯ ಪ್ರಮಾಣವೂ ಒಂದು ಮಾನದಂಡ. ಆದರೆ ಕಾಲೇಜನ್ನು ತೂಗಲು ಅದಕ್ಕಿಂತ ನಂಬಲರ್ಹವಾದದ್ದು ತಿದ್ದಿದ ಕಿರುಪರೀಕ್ಷೆಯ ಹಾಳೆ. ಅದು ವಾರದೊಳಗೆ ವಿದ್ಯಾರ್ಥಿಯ ಕೈಗೆ ಮರಳುತ್ತದೆಯೇ, ಅಂಚಿನಲ್ಲಿ ಅಂಕದ ಜೊತೆ 'ನಿಮ್ಮೂರಿನ ಸವುಳು ಹೊಲದ ಬಗ್ಗೆ ಯಾಕೆ ಬರೆಯಲಿಲ್ಲ?' ಎಂಬಂಥ ಒಂದು ಸಾಲಾದರೂ ಇರುತ್ತದೆಯೇ, ಎರಡನೆಯ ಸಲ ಬರೆದು ತಂದರೆ ಓದುವವರು ಇದ್ದಾರೆಯೇ ಎಂದು ನೋಡಬೇಕು.