ಕಂಪ್ಯೂಟರ್ ಆಟಗಳಲ್ಲಿ ರಸವಿಚಾರ

ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯದಲ್ಲಿ ಇಂದ್ರನೇ ಮೊದಲಾದ ದೇವತೆಗಳು ಬ್ರಹ್ಮನ ಬಳಿಗೆ ಹೋಗಿ, ಕಣ್ಣಿಗೂ ಕಿವಿಗೂ ಒದಗುವಂಥ ಒಂದು ಕ್ರೀಡನೀಯಕವು ತಮಗೆ ಬೇಕೆಂದು ಪ್ರಾರ್ಥಿಸಿದರೆಂಬ ಕಥೆಯು ವಾಚಕರಿಗೆ ವಿದಿತವೇ ಆಗಿದೆ. ಕ್ರೀಡನೀಯಕವೆಂದರೆ ಆಟದ ಸಾಮಾನು. ನಾವು ಪಾಠ ಹೇಳುವಾಗ ಈ ಮಾತನ್ನು ಬೇಗನೆ ದಾಟಿಬಿಡುವುದು ವಾಡಿಕೆ. ನಾಟ್ಯವೇದದ ಗೌರವಕ್ಕೆ ಇದು ಸ್ವಲ್ಪ ಕಡಮೆಯ ಮಾತೆಂದು ತೋರುವುದೇ ಅದಕ್ಕೆ ಕಾರಣವಿರಬಹುದು. ನಾನೂ ಹಲವು ವರ್ಷ ಹಾಗೆಯೇ ದಾಟಿದವನು. ಈಚೆಗೆ ನನ್ನ ತಂಗಿಯ ಮಗನು ರಜೆಗೆಂದು ಬಂದು ಎರಡು ತಿಂಗಳು ನಮ್ಮ ಮನೆಯಲ್ಲಿದ್ದನು. ಅವನು ತನ್ನ ಕಂಪ್ಯೂಟರಿನಲ್ಲಿ ಆಡುತ್ತಿದ್ದ ಆಟಗಳನ್ನು ನಾನು ಮೊದಲು ಪಕ್ಕದಲ್ಲಿ ಕುಳಿತು ನೋಡಿದೆನು. ಬಳಿಕ ನನ್ನ ಕೈಯಿಂದಲೇ ಆಡಿದೆನು. “ಮಾವಾ, ನೀವು ದಿನವೂ ಹೇಳುವ ರಸ ಇದರಲ್ಲಿ ಉಂಟೋ ಇಲ್ಲವೋ, ಒಂದು ಮಾತು ಹೇಳಿಬಿಡಿ” ಎಂದು ಅವನು ಕೇಳಿದಾಗ ನನಗೆ ತಟ್ಟನೆ ಉತ್ತರ ತೋರಲಿಲ್ಲ. ಮೂವತ್ತು ವರ್ಷ ರಸಪ್ರಕರಣವನ್ನು ಪಾಠ ಹೇಳಿದವನಿಗೆ ಇದು ಸಂಕೋಚದ ಸಂಗತಿಯೇ ಸರಿ.

ಇದು ಕೇವಲ ಮನೆಮಾತಿನ ಪ್ರಶ್ನೆಯೂ ಅಲ್ಲ. ಈಗ ತರಗತಿಯಲ್ಲಿ ನಮ್ಮ ಮುಂದೆ ಕುಳಿತುಕೊಳ್ಳುವ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ವೀರವೂ ಭಯಾನಕವೂ ಮೊದಲು ಪರಿಚಯವಾದುದು ಇಂಥ ಆಟಗಳಿಂದ. ನಾವು ವಿಭಾವವೆಂದು ಹೇಳಿದೊಡನೆ ಅವರ ಮನಸ್ಸಿಗೆ ಬರುವ ಉದಾಹರಣೆಯು ಶಾಕುಂತಲವಲ್ಲದೆ ಬೇರೆಯದಾಗಿರಬಹುದು. ಆ ಉದಾಹರಣೆಯು ಸರಿಯೋ ತಪ್ಪೋ ಎಂದು ಹೇಳುವ ಹೊಣೆ ನಮ್ಮದು.

ಮೊದಲು ಪೂರ್ವಪಕ್ಷವನ್ನು ಬಲವಾಗಿಯೇ ಹೇಳಿಕೊಳ್ಳೋಣ. ಅಭಿನವಗುಪ್ತಾಚಾರ್ಯರು ಅಭಿನವಭಾರತಿಯಲ್ಲಿ ರಸಪ್ರತೀತಿಗೆ ಏಳು ವಿಘ್ನಗಳನ್ನು ಎಣಿಸಿರುವರು. ಪ್ರೇಕ್ಷಕನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿರುವುದು ಅವುಗಳಲ್ಲೊಂದು. ಮನೆಯಲ್ಲಿ ಮಗುವಿಗೆ ಜ್ವರವೆಂದು ಚಿಂತಿಸುತ್ತ ರಂಗದ ಮುಂದೆ ಕುಳಿತವನಿಗೆ ಸೀತೆಯ ದುಃಖವು ಮುಟ್ಟುವುದಿಲ್ಲ. ಗೀತವಾದ್ಯಾದಿಗಳೂ ರಂಗಮಂಟಪದ ಶೋಭೆಯೂ ಈ ವಿಘ್ನವನ್ನು ತೊಡೆಯುವುದಕ್ಕಾಗಿಯೇ ಇರುವುವು. ಆಟದಲ್ಲಾದರೋ ಆಡುವವನ ಚಿತ್ತವನ್ನು ತುಂಬಿರುವುದು ತಾನು ಗೆಲ್ಲುವೆನೋ ಸೋಲುವೆನೋ ಎಂಬುದೊಂದೇ. ಅಲ್ಲಿ ಕಳೆಯಬೇಕಾಗಿದ್ದ ವಿಘ್ನವೇ ಇಲ್ಲಿ ಬಂಡವಾಳವಾಗಿದೆ. ಇದಲ್ಲದೆ, ನಟನಲ್ಲಿ ರಸವಿಲ್ಲ, ಅವನು ಆಸ್ವಾದಕ್ಕೆ ಸಾಧನ ಮಾತ್ರ, ಅದರಿಂದಲೇ ಅವನಿಗೆ ಪಾತ್ರವೆಂಬ ಹೆಸರು ಬಂದಿತು, ಪಾತ್ರೆಯು ತನ್ನೊಳಗಿನ ಪಾನೀಯದ ರುಚಿಯನ್ನು ಅರಿಯದು ಎಂಬುದೂ ಆಚಾರ್ಯರ ಅಭಿಪ್ರಾಯವೇ. ಆಡುವವನು ಪರದೆಯ ಮೇಲಿನ ನಾಯಕನನ್ನು ನಡೆಸುವವನಾದುದರಿಂದ ನಟನ ಸ್ಥಾನದಲ್ಲಿರುವನು. ಹೀಗೆ ಎರಡು ಬಾಗಿಲುಗಳೂ ಅವನಿಗೆ ಮುಚ್ಚಿದಂತಾಯಿತು. ಋಗ್ವೇದದ ಹತ್ತನೆಯ ಮಂಡಲದಲ್ಲಿರುವ ಅಕ್ಷಸೂಕ್ತವೂ ಇದನ್ನೇ ಹೇಳುವಂತಿದೆ. ಅದನ್ನು ಓದುವ ನಮಗೆ ಮನಸ್ಸು ಕರಗುವುದು; ಅದರೊಳಗಿನ ಜೂಜುಗಾರನಿಗೆ ಉಳಿದಿರುವುದು ದಾಳದ ಮೇಲಣ ಆಸೆಯೊಂದೇ.

ಈ ಪೂರ್ವಪಕ್ಷವು ಕೆಲವು ಆಟಗಳ ವಿಷಯದಲ್ಲಿ ಸಂಪೂರ್ಣವಾಗಿ ನಿಜ. ಮಾಸ್ಕೋ ನಗರದಲ್ಲಿ ಅಲೆಕ್ಸಿ ಪಾಜಿಟ್ನಾವ್ ಎಂಬವನು ೧೯೮೪ರಲ್ಲಿ ರಚಿಸಿದ ಟೆಟ್ರಿಸ್ ಎಂಬ ಆಟದಲ್ಲಿ ನಾಲ್ಕು ನಾಲ್ಕು ಚೌಕಗಳಿಂದಾದ ಏಳು ಬಗೆಯ ಆಕೃತಿಗಳು ಮೇಲಿನಿಂದ ಇಳಿಯುವುವು. ಅವುಗಳನ್ನು ತಿರುಗಿಸಿ ಜೋಡಿಸಿ ಸಾಲು ತುಂಬಿಸಿದರೆ ಆ ಸಾಲು ಮಾಯವಾಗುವುದು. ಇಲ್ಲಿ ವಿಭಾವವಿಲ್ಲ, ಸ್ಥಾಯಿಯಿಲ್ಲ, ಚಿತ್ತೈಕಾಗ್ರ್ಯವೊಂದು ಮಾತ್ರವಿದೆ. ನಮ್ಮ ಚದುರಂಗ, ಚೌಕಾಬಾರಗಳ ಪಂಕ್ತಿಗೆ ಸೇರತಕ್ಕ ಉತ್ತಮವಾದ ಕ್ರೀಡೆ ಇದು. ಕಾವ್ಯವಲ್ಲವೆಂದು ಇದನ್ನು ದೂಷಿಸುವುದು ಮಾವಿನ ಮರದಲ್ಲಿ ತೆಂಗಿನಕಾಯಿ ಇಲ್ಲವೆಂದು ದೂಷಿಸಿದಂತೆ.

ಕಥೆಯನ್ನು ಹೊತ್ತು ಬರುವ ಆಟಗಳಲ್ಲಿಯೇ ವಿಚಾರವು ಕಠಿನವಾಗುವುದು. ಬಹುಜನರು ಕೂಡಿ ಬಹುದ್ರವ್ಯದಿಂದ ನಿರ್ಮಿಸುವ ದೊಡ್ಡ ಆಟಗಳಿಗೆ, ರಾಕ್‌ಸ್ಟಾರ್ ಸಂಸ್ಥೆಯವರು ೨೦೧೮ರಲ್ಲಿ ಪ್ರಕಟಿಸಿದ ‘ರೆಡ್ ಡೆಡ್ ರಿಡೆಂಪ್ಷನ್ ೨’ ಎಂಬುದನ್ನು ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ. ಕಥೆ ನಡೆಯುವುದು ೧೮೯೯ರ ಅಮೆರಿಕದಲ್ಲಿ. ನಾಯಕನಾದ ಆರ್ಥರ್ ಮಾರ್ಗನ್ ದರೋಡೆಗಾರರ ಗುಂಪಿನವನು. ವರ್ಣನೆಯ ವೈಭವದಲ್ಲಿ ಇದಕ್ಕೆ ಸಮನಾದುದನ್ನು ನಾನು ಕಂಡಿಲ್ಲ. ಹಿಮ, ಕಾಡು, ಸಂಜೆಗೆಂಪು, ಬೆಳಗಿನ ಮಂಜಿನಲ್ಲಿ ಕುದುರೆಯ ಉಸಿರು, ಇವನ್ನೆಲ್ಲ ನೋಡಿದಾಗ ಅಷ್ಟಾದಶವರ್ಣನೆಗಳನ್ನು ಕಡ್ಡಾಯ ಮಾಡಿದ ನಮ್ಮ ಮಹಾಕವಿಗಳಿಗೆ ಇಂಥ ಯಂತ್ರವು ದೊರೆತಿದ್ದರೆ ಏನು ಮಾಡುತ್ತಿದ್ದರೋ ಎನ್ನಿಸಿತು. ಬಹುಶಃ ಇದೇ ತಪ್ಪನ್ನೇ ಮಾಡುತ್ತಿದ್ದರು. ಅಂಗವಾದುದನ್ನು ಅತಿಯಾಗಿ ವಿಸ್ತರಿಸುವುದನ್ನು ಮಮ್ಮಟನು ರಸದೋಷಗಳಲ್ಲಿ ಎಣಿಸಿರುವನು. ಈ ಆಟದಲ್ಲಿ ಮೀನು ಹಿಡಿಯುವುದು, ಇಸ್ಪೀಟು, ಬೇಟೆ, ಕುದುರೆಯ ಮೈ ತಿಕ್ಕುವುದು ಇವೇ ಬೆಳೆದು, ನಾಯಕನ ಶೋಕವು ವಾರಗಟ್ಟಲೆ ಕಾದು ನಿಲ್ಲಬೇಕಾಗುವುದು.

ಆದರೂ ಇದರ ಕಥಾಬೀಜವು ಗಟ್ಟಿಯಾದುದು. ಬಡ್ಡಿಸಾಲವನ್ನು ವಸೂಲು ಮಾಡಲು ಹೋದ ಆರ್ಥರನು ಥಾಮಸ್ ಡೌನ್ಸ್ ಎಂಬ ರೋಗಪೀಡಿತನನ್ನು ಹೊಡೆಯುವನು. ಆ ಬಡವನು ಕೆಮ್ಮಿದಾಗ ರಕ್ತದ ಹನಿ ನಾಯಕನ ಮುಖಕ್ಕೆ ಸಿಡಿಯುವುದು. ನಾಯಕನಿಗೆ ಕ್ಷಯರೋಗವು ಅಂಟುವುದು ಅಲ್ಲಿಂದಲೇ. ಹೊಡೆಯುವ ಗುಂಡಿಯನ್ನು ಒತ್ತಿದವನು ನಾನು. ಕಥೆ ಮುಂದುವರಿಯಬೇಕಾದರೆ ಒತ್ತದೆ ಗತಿಯಿಲ್ಲ. ಬಹುಕಾಲದ ಮೇಲೆ ವೈದ್ಯನು ರೋಗದ ಹೆಸರನ್ನು ಹೇಳಿದಾಗ ನನ್ನ ಹೆಬ್ಬೆರಳಿಗೆ ಆ ಹೊಡೆತವು ನೆನಪಾಯಿತು. ಕರ್ಮವಿಪಾಕವನ್ನು ಹೀಗೆ ಕೈಯಲ್ಲಿ ಬಿತ್ತಿ ಮನಸ್ಸಿನಲ್ಲಿ ಬೆಳೆಸುವ ಉಪಾಯವು ಶ್ರವ್ಯಕಾವ್ಯಕ್ಕೂ ದೃಶ್ಯಕಾವ್ಯಕ್ಕೂ ಇಲ್ಲವೆಂದು ಒಪ್ಪಿಕೊಳ್ಳಲೇಬೇಕು.

ಇಷ್ಟನ್ನು ಸಾಧಿಸಿದವರು ಪರದೆಯ ಅಡಿಯಲ್ಲಿ ಒಂದು ಗೀಟನ್ನು ಎಳೆದು, ನಾಯಕನು ಒಳ್ಳೆಯದನ್ನು ಮಾಡಿದಾಗ ಗುರುತು ಬಲಕ್ಕೂ ಕೆಟ್ಟದ್ದನ್ನು ಮಾಡಿದಾಗ ಎಡಕ್ಕೂ ಸರಿಯುವಂತೆ ಇಟ್ಟಿರುವರು. ಇದಕ್ಕೆ ಅವರು ಆನರ್, ಎಂದರೆ ಮಾನವೆಂದು ಹೆಸರಿಟ್ಟಿರುವರು. ರಸವನ್ನೋ ಸ್ಥಾಯಿಯನ್ನೋ ಅದರ ಹೆಸರಿನಿಂದಲೇ ಹೇಳಿಬಿಡುವ ಸ್ವಶಬ್ದವಾಚ್ಯತೆಯೆಂಬ ದೋಷಕ್ಕೆ ಇದಕ್ಕಿಂತ ಸ್ಫುಟವಾದ ಉದಾಹರಣೆ ಬೇಕಾಗಿಲ್ಲ. ದಾರಿಯಲ್ಲಿ ಹೋಗುವವರಿಗೆಲ್ಲ ನಮಸ್ಕಾರ ಹೇಳಿ ಹೇಳಿ ನನ್ನ ಸೋದರಳಿಯನು ಆ ಗುರುತನ್ನು ಬಲಕ್ಕೆ ಸರಿಸುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆನು. ಅದು ಧರ್ಮಬುದ್ಧಿಯಲ್ಲ, ಜಮಾಖರ್ಚು. ಆಶ್ಚರ್ಯವೇನೆಂದರೆ ಇದೇ ಆಟದಲ್ಲಿ ಧ್ವನಿಯೂ ಉಂಟು. ರೋಗವು ತಿಳಿದ ಬಳಿಕ ನಾಯಕನಿಗೆ ಆಗಾಗ್ಗೆ ಒಂದು ಪ್ರಾಣಿಯು ಸ್ವಪ್ನದಂತೆ ಕಾಣಿಸುವುದು. ಸನ್ಮಾರ್ಗದಲ್ಲಿ ನಡೆದವನಿಗೆ ಕೊಂಬಿನ ಜಿಂಕೆ, ಅಲ್ಲದವನಿಗೆ ತೋಳದ ಜಾತಿಯ ಕಯೋಟಿ. ಯಾರೂ ಏನನ್ನೂ ವಿವರಿಸುವುದಿಲ್ಲ. ಆ ಜಿಂಕೆಯನ್ನು ಕಲ್ಪಿಸಿದ ಮನಸ್ಸೇ ಆ ಗೀಟನ್ನೂ ಎಳೆಯಿತೆಂದು ನಂಬುವುದು ಕಷ್ಟ.

ಪುಣೆಯ ನೋಡಿಂಗ್ ಹೆಡ್ಸ್ ಗೇಮ್ಸ್ ಸಂಸ್ಥೆಯವರ ‘ರಾಜಿ’ (೨೦೨೦) ಎಂಬ ಆಟವನ್ನು ಹೊಗಳಬೇಕೆಂಬ ಆಸೆಯಿಂದಲೇ ಕೈಗೆತ್ತಿಕೊಂಡೆನು. ಅಸುರರು ಕೊಂಡೊಯ್ದ ತಮ್ಮನನ್ನು ಹುಡುಕುವ ಬಾಲಿಕೆ, ದುರ್ಗೆಯು ಅನುಗ್ರಹಿಸಿದ ತ್ರಿಶೂಲ, ಪುರಾಣಕಥೆಗಳ ಭಿತ್ತಿಚಿತ್ರಗಳು ಎಲ್ಲವೂ ನಮ್ಮವು; ಕಟ್ಟಡಗಳ ಸೌಂದರ್ಯವೂ ದೊಡ್ಡದು. ಆದರೆ ದುರ್ಗೆಯೂ ವಿಷ್ಣುವೂ ಮೇಲೆ ಕುಳಿತು ನಡೆದುದಕ್ಕೆಲ್ಲ ಟೀಕೆ ಹೇಳುತ್ತಿರುವುದರಿಂದ ಆಡುವವನ ಊಹೆಗೆ ಕೆಲಸವಿಲ್ಲದಾಗುವುದು. ನಮ್ಮದೆಂಬ ಅಭಿಮಾನವು ದೋಷವನ್ನು ಮುಚ್ಚಲಾರದು. ಟೊರಾಂಟೊ ನಗರದ ಸಣ್ಣ ತಂಡವೊಂದು ಮಾಡಿದ ‘ವೆಣ್ಬಾ’ (೨೦೨೩) ಇದಕ್ಕಿಂತ ಎಷ್ಟೋ ಚಿಕ್ಕದು. ಕೆನಡಕ್ಕೆ ಹೋಗಿ ನೆಲಸಿದ ತಮಿಳು ತಾಯಿಯೊಬ್ಬಳು ಹಾಳಾದ ಅಡುಗೆಯ ಪುಸ್ತಕದಿಂದ ಇಡ್ಲಿ ಮೊದಲಾದುವನ್ನು ಮಾಡುವಳು. ಅಳಿದುಹೋದ ಸಾಲುಗಳನ್ನು ಆಡುವವನು ಊಹಿಸಿ ತುಂಬಬೇಕು. ಮಗನಿಗೆ ತಾಯ್ನುಡಿ ತಪ್ಪಿಹೋಗುತ್ತಿರುವ ದುಃಖವನ್ನು ಆ ಅಳಿದ ಸಾಲುಗಳೇ ಸೂಚಿಸುವುವು. ಹೊರನಾಡಿನಲ್ಲಿ ಮೊಮ್ಮಕ್ಕಳಿರುವ ಕನ್ನಡಿಗರು ಇದನ್ನು ಒಮ್ಮೆ ನೋಡಬಹುದು. ಜಪಾನಿನ ‘ಷ್ಯಾಡೋ ಆಫ್ ದಿ ಕೊಲೋಸಸ್’ (೨೦೦೫) ಎಂಬುದನ್ನು ಬೇರೊಬ್ಬ ಹುಡುಗನ ಯಂತ್ರದಲ್ಲಿ ನೋಡಿದೆನೇ ಹೊರತು ಆಡಲಿಲ್ಲ. ಸತ್ತ ಹುಡುಗಿಯೊಬ್ಬಳನ್ನು ಬದುಕಿಸುವುದಕ್ಕಾಗಿ ಹದಿನಾರು ದೈತ್ಯಪ್ರಾಣಿಗಳನ್ನು ಕೊಲ್ಲತಕ್ಕ ಆ ಆಟದಲ್ಲಿ ಪ್ರತಿಯೊಂದು ಜಯಕ್ಕೂ ಶೋಕಗೀತವೇ ಮೇಳವಾಗಿರುವುದನ್ನು ಕಂಡು, ವೀರವು ಕರುಣಕ್ಕೆ ಅಂಗವಾದ ರೀತಿಯನ್ನು ಮೆಚ್ಚಿದೆನು. ಆಡದೆ ಇದ್ದುದರಿಂದ ಹೆಚ್ಚಿಗೆ ಹೇಳಲಾರೆನು.

ನೋಡುವುದಕ್ಕೂ ಆಡುವುದಕ್ಕೂ ಇಷ್ಟು ಭೇದವುಂಟೆಂದು ನನಗೆ ಕಲಿಸಿದುದು ‘ಬ್ರದರ್ಸ್’ (೨೦೧೩) ಎಂಬ ಆಟ. ಚಲಚ್ಚಿತ್ರನಿರ್ದೇಶಕನಾಗಿದ್ದ ಯೋಸೆಫ್ ಫಾರೆಸ್ ಎಂಬವನು ಸ್ವೀಡನ್ ದೇಶದಲ್ಲಿ ಇದನ್ನು ನಿರ್ದೇಶಿಸಿದನು. ರೋಗದಿಂದ ಮಲಗಿದ ತಂದೆಗಾಗಿ ಅಣ್ಣತಮ್ಮಂದಿರಿಬ್ಬರು ಜೀವವೃಕ್ಷದ ನೀರನ್ನು ತರಲು ಹೊರಡುವರು. ಅವರ ಭಾಷೆಯು ಕಲ್ಪಿತವಾದುದು, ಯಾರಿಗೂ ಅರ್ಥವಾಗದು. ಎಂದರೆ ವಾಚಿಕಾಭಿನಯದಲ್ಲಿ ಸ್ವರ ಮಾತ್ರ ಉಳಿದಿದೆ. ಕೈಯಲ್ಲಿ ಹಿಡಿಯುವ ಕಂಟ್ರೋಲರಿನ ಎಡಭಾಗವು ಅಣ್ಣನಿಗೆ, ಬಲಭಾಗವು ತಮ್ಮನಿಗೆ. ತಾಯಿ ನೀರಿನಲ್ಲಿ ಮುಳುಗಿ ಸತ್ತುದನ್ನು ಕಂಡಿದ್ದ ತಮ್ಮನಿಗೆ ನೀರೆಂದರೆ ಭಯ; ಹೊಳೆ ಬಂದಲ್ಲೆಲ್ಲ ಅಣ್ಣನ ಬೆನ್ನಿಗೆ ಅಂಟಿಕೊಂಡು ದಾಟುವನು. ಕೊನೆಯಲ್ಲಿ ಅಣ್ಣನು ಸಾಯುವನು. ಅವನನ್ನು ಮಣ್ಣು ಮಾಡಿ ತಮ್ಮನೊಬ್ಬನೇ ಹಿಂದಿರುಗುವಾಗ ಹೊಳೆಯು ಅಡ್ಡವಾಗುವುದು.

ಸೋದರಳಿಯನು ಆಡುವಾಗ ನಾನು ಕಂಡುದು ಇಷ್ಟೆ: ಹುಡುಗನು ಸ್ವಲ್ಪ ಹಿಂಜರಿದನು, ಆಮೇಲೆ ಈಜಿದನು. ಅವನ ಬೆರಳುಗಳ ಕಡೆಗೆ ನಾನು ನೋಡಿರಲಿಲ್ಲ. ಕೆಲವು ದಿನಗಳ ಮೇಲೆ ನಾನೇ ಆಡುತ್ತ ಆ ದಡಕ್ಕೆ ಬಂದೆನು. ಬಲಗೈಯಿಂದ ಏನು ಮಾಡಿದರೂ ಹುಡುಗನು ನೀರಿಗೆ ಇಳಿಯಲೊಲ್ಲನು. ಅಣ್ಣನು ಸತ್ತಂದಿನಿಂದ ನನ್ನ ಎಡಗೈಗೆ ಕೆಲಸವಿರಲಿಲ್ಲ. ಬಹಳ ಹೊತ್ತಿನ ಮೇಲೆ, ಬೇರೆ ದಾರಿ ಕಾಣದೆ, ಅಣ್ಣನ ಗುಂಡಿಯನ್ನು ಒತ್ತಿದೆನು. ತಮ್ಮನು ಈಜತೊಡಗಿದನು.

ಇದನ್ನು ಯಾವ ಅಭಿನಯವೆಂದು ಕರೆಯಬೇಕು? ಪರದೆಯ ಮೇಲೆ ನಡೆದುದು ಅಲ್ಪ. ಅನುಭಾವವು ನಡೆದುದು ನನ್ನ ಎಡಗೈಯಲ್ಲಿ. ಇಲ್ಲಿ ಒಂದು ಆಕ್ಷೇಪ ಬರಬಹುದು. ನನಗೂ ಒಬ್ಬ ಅಣ್ಣನಿದ್ದನು. ತೀರಿಕೊಂಡು ಹನ್ನೊಂದು ವರ್ಷವಾಯಿತು. ಹಾಗಾದರೆ ನಾನು ಅನುಭವಿಸಿದುದು ಲೌಕಿಕಶೋಕವೇ ಹೊರತು ರಸವಲ್ಲ, ಸ್ವಗತತ್ವವೆಂಬ ವಿಘ್ನವೇ ಇಲ್ಲಿರುವುದು ಎನ್ನಬಹುದು. ಈ ಆಕ್ಷೇಪವನ್ನು ನಾನೇ ನನಗೆ ಅನೇಕ ದಿನ ಹಾಕಿಕೊಂಡೆನು. ಸಮಾಧಾನವೇನೆಂದರೆ, ಲೌಕಿಕಶೋಕದಿಂದ ಮನಸ್ಸು ಓಡಿಹೋಗಬಯಸುವುದು. ಅಣ್ಣನ ಕೋಣೆಗೆ ನಾನು ಬಹುಕಾಲ ಹೋಗಲೇ ಇಲ್ಲ. ಆ ಹೊಳೆಯ ದಡವನ್ನಾದರೋ ಬಿಟ್ಟು ಬರಲು ನನಗೆ ಮನಸ್ಸಾಗಲಿಲ್ಲ. ಚರ್ವಣೆಗೆ ನಮ್ಮವರು ಹೇಳಿದ ಲಕ್ಷಣವು ಇದೇ. ಆದುದರಿಂದ ನಟಸ್ಥಾನದಲ್ಲಿದ್ದವನಿಗೂ ಆಸ್ವಾದವುಂಟೆಂದು, ಆಚಾರ್ಯರ ಕ್ಷಮೆಯನ್ನು ಬೇಡಿ, ಹೇಳುತ್ತೇನೆ.

ಸ್ವಸುಖಪಾರವಶ್ಯವೆಂಬ ವಿಘ್ನವಾದರೋ ಇನ್ನೂ ಉಳಿಯಿತು. ಅದಕ್ಕೆ ಉತ್ತರವು ಲ್ಯೂಕಾಸ್ ಪೋಪ್ ಎಂಬವನ ‘ಪೇಪರ್ಸ್, ಪ್ಲೀಸ್’ (೨೦೧೩) ಎಂಬ ಆಟದಲ್ಲಿದೆ. ಆರ್ಸ್ಟೋಟ್ಸ್ಕ ಎಂಬ ಕಲ್ಪಿತ ದೇಶದ ಗಡಿಯಲ್ಲಿ, ೧೯೮೨ರಲ್ಲಿ, ಆಡುವವನು ರಹದಾರಿಗಳನ್ನು ಪರೀಕ್ಷಿಸುವ ಗುಮಾಸ್ತ. ಸರಿಯಾಗಿ ಪರೀಕ್ಷಿಸಿದ ಒಬ್ಬೊಬ್ಬನಿಗೆ ೫ ನಾಣ್ಯ ಕೂಲಿ. ದಿನಕ್ಕೆ ಎರಡು ತಪ್ಪುಗಳಿಗೆ ಎಚ್ಚರಿಕೆ, ಮೂರನೆಯದರಿಂದ ದಂಡ. ಸಂಜೆಗೆ ಮನೆಯ ಲೆಕ್ಕ: ಹೆಂಡತಿ, ಮಗ, ಅತ್ತೆ, ಚಿಕ್ಕಪ್ಪ, ಅನ್ನಕ್ಕಿಷ್ಟು, ಚಳಿ ಕಾಯಿಸುವುದಕ್ಕಿಷ್ಟು, ಔಷಧಕ್ಕಿಷ್ಟು. ಬಣ್ಣಗಳು ಮಂಕು, ಸಂಗೀತವು ಕಡಮೆ. ವಿಘ್ನವನ್ನು ತೊಡೆಯುವ ಸಾಮಗ್ರಿಯೊಂದೂ ಇಲ್ಲ. ಒಂದು ದಿನ ಒಬ್ಬನು ಸರಿಯಾದ ಕಾಗದಗಳೊಡನೆ ಬಂದು, ನನ್ನ ಹಿಂದೆ ನನ್ನ ಹೆಂಡತಿ ಬರುವಳು, ದಯೆ ತೋರಿರೆಂದು ಹೇಳಿ ಒಳಗೆ ಹೋಗುವನು. ಹೆಂಡತಿಯ ಬಳಿ ಪ್ರವೇಶಪತ್ರವಿಲ್ಲ. ಆ ಹೊತ್ತಿಗೆ ನಾನು ಎರಡು ತಪ್ಪುಗಳನ್ನು ಮಾಡಿಯಾಗಿತ್ತು. ಆಕೆಯ ಮುಖಕ್ಕಿಂತ ಮೊದಲು ನನ್ನ ಕಣ್ಣಿಗೆ ಕಂಡುದು ನನ್ನ ೫ ನಾಣ್ಯ. ಹಾಗೆ ಕಂಡಿತೆಂಬುದು ತಿಳಿದೊಡನೆ ನನಗೆ ಮೈ ಜುಮ್ಮೆಂದಿತು. ಗುಮಾಸ್ತನ ಅಲ್ಪತನವು ಹೊರಗಿನಿಂದ ವರ್ಣಿತವಾಗಿಲ್ಲ. ಅದನ್ನು ನನ್ನ ಸ್ವಾರ್ಥದಿಂದಲೇ ಎರಕಹೊಯ್ದಿದೆ. ಸ್ವಸುಖಚಿಂತೆಯು ಇಲ್ಲಿ ವಿಘ್ನವಾಗಿ ಉಳಿಯದೆ ವಿಭಾವವೇ ಆಗಿಬಿಟ್ಟಿತು.

ಇದು ನಮಗೆ ತೀರ ಅಪರಿಚಿತವಾದುದೂ ಅಲ್ಲ. ನಮ್ಮ ಕರಾವಳಿ ಮಲೆನಾಡುಗಳ ತಾಳಮದ್ದಳೆಯಲ್ಲಿ ಪದ್ಯಗಳು ನಿಯತವಾಗಿವೆ, ಕರ್ಣನು ಸಾಯುವುದೂ ನಿಯತವಾಗಿದೆ. ಮಾತು ಮಾತ್ರ ಅರ್ಥಧಾರಿಯದು. ಇದಿರಾಳಿಯನ್ನು ವಾದದಲ್ಲಿ ಗೆಲ್ಲಬೇಕೆಂಬ ಅವನ ಸ್ವಂತ ಹಟವೇ ಕರ್ಣನ ಹಟಕ್ಕೆ ಪೋಷಕವಾಗುವುದನ್ನು ನಾವು ರಾತ್ರಿಯೆಲ್ಲ ಕುಳಿತು ಕೇಳಿದ್ದೇವೆ. ಅವನು ಬರಿಯ ಪಾತ್ರೆಯೆಂದು ಆ ಸಭೆಯಲ್ಲಿ ಯಾರೂ ಹೇಳಲಾರರು. ದೊಡ್ಡ ಆಟಗಳಲ್ಲಿ ಗೆಲುವಿನ ಆಸೆ ಒಂದು ಕಡೆ, ಕಥೆ ಒಂದು ಕಡೆ ಹರಿಯುವುದರಿಂದಲೇ ರಸಭಂಗವಾಗುವುದು. ಒಬ್ಬಿಬ್ಬರು ಮಾಡಿದ ಸಣ್ಣ ಆಟಗಳು ಬಡತನದಿಂದಲೋ ವಿವೇಕದಿಂದಲೋ ಆ ಎರಡನ್ನೂ ಒಂದೇ ಕಾಲುವೆಯಲ್ಲಿ ಹರಿಸಿವೆ.

ಇನ್ನೊಂದು ಸಂಗತಿಯು ಬಗೆಹರಿಯದೆ ಉಳಿದಿದೆ. ಕಾವ್ಯವನ್ನು ಎರಡನೆಯ ಸಲ ಓದಿದರೆ ರಸವು ಕುಂದುವುದಿಲ್ಲ. ಉತ್ತಮಕಾವ್ಯದಲ್ಲಿ ಹೆಚ್ಚುವುದೂ ಉಂಟು. ನಾನು ಮೊದಲನೆಯ ಸಲ ದಂಡವನ್ನು ತೆತ್ತು ಆ ಹೆಂಗಸನ್ನು ಒಳಗೆ ಬಿಟ್ಟೆನು. ಆ ರಾತ್ರಿ ಕಲ್ಪಿತವಾದ ನನ್ನ ಮನೆಯವರು ಚಳಿಯಲ್ಲಿ ಮಲಗಿದರು. ಮರುದಿನ ಅದೇ ದಿನವನ್ನು ಮತ್ತೆ ತೆರೆದು, ಹೀಗೆ ಮಾಡಿದರೆ ಆಕೆ ಏನು ಹೇಳುವಳೋ ನೋಡೋಣವೆಂದು, ಕೆಂಪು ಮುದ್ರೆಯನ್ನು ಒತ್ತಿದೆನು. ಆಕೆ ಹೇಳಿದುದನ್ನು ಓದಿದೆನು, ಸೋದರಳಿಯನಿಗೂ ಓದಿ ಹೇಳಿದೆನು, ಮುಂದಿನವನನ್ನು ಕರೆದೆನು.