ಆಡು ಹದಿನೈದು, ಹುಲಿ ಮೂರು: ಮೇಜಿನ ಮೇಲಿನ ಯುದ್ಧವನ್ನು ಸವಿಯುವ ಬಗೆ

ಆಡು-ಹುಲಿ ಆಡಿ ಬೆಳೆದವರಿಗೆ, ಮೇಜಿನ ಮೇಲೆ ಪುಟ್ಟ ಬೊಂಬೆಗಳನ್ನಿಟ್ಟು ಆಡುವ ಮಿನಿಯೇಚರ್ ವಾರ್‌ಗೇಮಿನ ಅರ್ಧ ಪಾಠ ಆಗಲೇ ಆಗಿಹೋಗಿದೆ. ಕಟ್ಟೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದರೆ 23 ಮನೆ. ಹುಲಿಗೆ ಮೂರು ಕಲ್ಲು, ಆಡಿಗೆ ಹದಿನೈದು ಹುಣಸೆ ಬೀಜ. ಹುಲಿ ಆಡನ್ನು ಹಾರಿ ತಿನ್ನುತ್ತದೆ. ಆಡಿಗೆ ತಿನ್ನುವ ಹಕ್ಕೇ ಇಲ್ಲ, ಹುಲಿಯ ದಾರಿ ಮುಚ್ಚುವುದಷ್ಟೇ ಅದರ ಕೆಲಸ. ಹದಿನೈದೂ ಬೀಜ ಕೂತು ಮುಗಿಯುವ ತನಕ ಒಂದು ಆಡೂ ಇಟ್ಟ ಮನೆ ಬಿಟ್ಟು ಕದಲುವಂತಿಲ್ಲ. ಎರಡು ಕಡೆಯ ಬಲ ಬೇರೆ, ನಡೆ ಬೇರೆ, ಗೆಲ್ಲುವ ಬಗೆಯೂ ಬೇರೆ. ಆದರೂ ಇದು ಅನ್ಯಾಯದ ಆಟ ಎಂದು ಎದ್ದು ಹೋದವರನ್ನು ನಾನು ಕಂಡಿಲ್ಲ.

ಚದುರಂಗದಲ್ಲಿ ಎರಡೂ ಕಡೆ ಒಂದೇ ಪಡೆ, ಹಾಗಾಗಿ ಅಲ್ಲಿ ಸಮತೋಲದ ತಲೆನೋವೇ ಇಲ್ಲ. ಮೇಜಿನ ಮೇಲಿನ ಯುದ್ಧದಾಟ ಆಡು-ಹುಲಿಯ ಕಡೆಯದು. ಇಲ್ಲಿ ಆಡುವವರು ತಮ್ಮ ಪಡೆಯನ್ನು ತಾವೇ ಕಟ್ಟಿಕೊಂಡು ಬರುತ್ತಾರೆ. ಒಬ್ಬರು ಆನೆ ತರುತ್ತಾರೆ, ಇನ್ನೊಬ್ಬರು ಬಿಲ್ಲುಗಾರರನ್ನು. ಇವೆರಡೂ ಸರಿಸಮ ಎಂದು ಹೇಳುವುದು ಹೇಗೆ? ಈ ಪ್ರಶ್ನೆ ಹಿಡಿದು ನೋಡಿದರೆ ಆಟ ರುಚಿಸುತ್ತದೆ. ಬಣ್ಣ ಬಳಿದ ಪುಟ್ಟ ಬೊಂಬೆಗಳನ್ನಷ್ಟೇ ನೋಡಿದರೆ ಕಾಲು ಗಂಟೆಗೆ ಬೇಸರ ಬರುತ್ತದೆ.

ಹಿನ್ನೆಲೆ ಎರಡು ಮಾತಿನಲ್ಲಿ ಮುಗಿಸುತ್ತೇನೆ. ಪ್ರಷ್ಯದ ಸೈನ್ಯಾಧಿಕಾರಿಗಳು ತರಬೇತಿಗೆಂದು ನಕ್ಷೆಯ ಮೇಲೆ ಆಡುತ್ತಿದ್ದ ಕ್ರೀಗ್‌ಸ್ಪೀಲ್‌ನ ನಿಯಮಗಳು 1824ರಲ್ಲಿ ಪುಸ್ತಕವಾಗಿ ಬಂದವು. 1913ರಲ್ಲಿ ಕಾದಂಬರಿಕಾರ ಎಚ್.ಜಿ. ವೆಲ್ಸ್ ‘ಲಿಟ್ಲ್ ವಾರ್ಸ್’ ಬರೆದು ಅದನ್ನು ಮನೆಯ ನೆಲಕ್ಕೆ ಇಳಿಸಿದರು. ಅವರ ಆಟದಲ್ಲಿ ದಾಳ ಇರಲಿಲ್ಲ, ಆಟಿಕೆ ಫಿರಂಗಿಯಿಂದ ನಿಜವಾಗಿಯೇ ಗುಂಡು ಹೊಡೆದು ಬೊಂಬೆ ಬೀಳಿಸಬೇಕಿತ್ತು. ಇಂದಿನ ‘ವಾರ್‌ಹ್ಯಾಮರ್ 40,000’ ಬಂದದ್ದು 1987ರಲ್ಲಿ. ಅದರಲ್ಲಿ ಪ್ರತಿ ತುಕಡಿಗೂ ಪಾಯಿಂಟ್ ಲೆಕ್ಕದಲ್ಲಿ ಬೆಲೆ ಉಂಟು, ಇಬ್ಬರೂ ಸಾಮಾನ್ಯವಾಗಿ 2000 ಪಾಯಿಂಟಿನೊಳಗೆ ಪಡೆ ಕಟ್ಟುತ್ತಾರೆ. 1990ರ ‘ಡಿಬಿಎ’ ಎಂಬ ಆಟದಲ್ಲಿ ಬೆಲೆಯ ಗೊಡವೆಯೇ ಇಲ್ಲ, ಯಾವ ರಾಜನಾದರೂ ಹನ್ನೆರಡೇ ತುಕಡಿ.

ಪಾಯಿಂಟ್ ಸಮ ಇದ್ದರೆ ಪಡೆ ಸಮ ಎಂದು ಹೊಸಬರು ನಂಬುತ್ತಾರೆ. ಅದು ಎಲ್ಲಿ ಮುರಿದು ಬೀಳುತ್ತದೆ ಎಂದು ತೋರಿಸಲು ನಮ್ಮ ಮಗ್ಗುಲಿನ ಯುದ್ಧ ಒಂದಿದೆ. ನಮ್ಮ ಬೀದರ ಜಿಲ್ಲೆಯ ಠಾಣಾ ಕುಶನೂರಿನಿಂದ ಕಮಲನಗರ ದಾಟಿ ಮಹಾರಾಷ್ಟ್ರದ ಗಡಿಯಾಚೆ ಹೋದರೆ ಉದಗೀರ. ಬೀದರಿನಿಂದಾದರೆ ಭಾಲ್ಕಿ, ಕಮಲನಗರ ಹಾದು ರೈಲೇ ಹೋಗುತ್ತದೆ. 1760ರ ಫೆಬ್ರುವರಿ 3ರಂದು ಉದಗೀರ-ಔಸಾ ಸೀಮೆಯಲ್ಲಿ ಸದಾಶಿವರಾವ್ ಭಾವೂನ ಮರಾಠಾ ಪಡೆ ನಿಜಾಮ ಸಲಾಬತ್ ಜಂಗ್‌ನ ಪಡೆಯನ್ನು ಸೋಲಿಸಿತು. ತೋಪು ಎಳೆದುಕೊಂಡು ನಿಧಾನಕ್ಕೆ ಸಾಗುತ್ತಿದ್ದ ನಿಜಾಮನ ದಂಡು ಧಾರೂರಿನ ಕಡೆ ಹೊರಟಿತ್ತು. ಮರಾಠಾ ಕುದುರೆ ಸವಾರರು ಸುತ್ತ ಮುತ್ತಿ ಅದನ್ನು ಮುಂದೆ ಬಿಡಲಿಲ್ಲ. ಮರಾಠರ ಜೊತೆ ಇಬ್ರಾಹಿಂ ಖಾನ್ ಗಾರ್ದಿಯೂ ಇದ್ದ. ಫ್ರೆಂಚ್ ಸೇನಾನಿ ಬುಸ್ಸಿಯ ಕೈಕೆಳಗೆ ಪಳಗಿ, ನಿಜಾಮನ ಚಾಕರಿ ಮಾಡಿ, ಆಮೇಲೆ ಪಕ್ಷ ಬದಲಿಸಿದವನು.

ಈಗ ಇದನ್ನು ಮೇಜಿಗೆ ತರೋಣ. ಬೆಲೆ ನಾನು ಕಟ್ಟಿದ್ದು, ಒಪ್ಪದಿದ್ದರೆ ಬದಲಿಸಿಕೊಳ್ಳಿ. ಇಬ್ಬರಿಗೂ 100 ಪಾಯಿಂಟ್. ಮರಾಠರಿಗೆ ತಲಾ 8ರಂತೆ ಹಗುರ ಕುದುರೆಯ ಆರು ತುಕಡಿ, ತಲಾ 10ರಂತೆ ಗಾರ್ದಿ ಕಾಲಾಳಿನ ಮೂರು, 15ರ ಒಂದು ತೋಪು, 7ಕ್ಕೆ ಒಬ್ಬ ಸೇನಾಪತಿ. ನಿಜಾಮನಿಗೆ ತಲಾ 15ರ ಮೂರು ತೋಪು, ತಲಾ 12ರ ಭಾರಿ ಕುದುರೆ ಎರಡು, ತಲಾ 8ರ ಕಾಲಾಳು ಮೂರು, ಆನೆಯ ಮೇಲೆ 7ರ ಸೇನಾಪತಿ. ಎರಡು ಪಟ್ಟಿಯೂ ಸರಿಯಾಗಿ ನೂರು.

ಎದುರಾಳಿಯ ತುಕಡಿ ಹೆಚ್ಚು ಕೆಡವಿದವರೇ ಗೆದ್ದರು ಎಂದರೆ ನಾನು ನಿಜಾಮನ ಕಡೆ ಕೂರುತ್ತೇನೆ. ಮೂರು ತೋಪು ಮೂಲೆಗೆ ಒತ್ತಿ, ಮುಂದೆ ಕಾಲಾಳು ನಿಲ್ಲಿಸಿ, ಬಂದವರನ್ನು ಬಂದ ಹಾಗೆ ಹೊಡೆಯುತ್ತೇನೆ. ಹಗುರ ಕುದುರೆಗೆ ಹತ್ತಿರ ಸುಳಿಯುವ ಧೈರ್ಯ ಬರಲಿಕ್ಕಿಲ್ಲ. ಆದರೆ ನಿಜಾಮನ ದಂಡು ಎಂಟು ಸುತ್ತಿನೊಳಗೆ ಮೇಜಿನ ಆ ತುದಿ, ಅಂದರೆ ಧಾರೂರು, ಮುಟ್ಟಬೇಕು ಎಂದರೆ ಕತೆಯೇ ಬೇರೆ. ತೋಪು ಸುತ್ತಿಗೆ ನಾಲ್ಕು ಇಂಚು ನಡೆಯುತ್ತದೆ, ಕುದುರೆ ಹನ್ನೆರಡು. ತೋಪು ನಡೆದ ಸುತ್ತಿನಲ್ಲಿ ಹೊಡೆಯುವಂತಿಲ್ಲ. ಈಗ ನಿಜಾಮನ 45 ಪಾಯಿಂಟು ಕಾಲಿಗೆ ಕಟ್ಟಿದ ಕಲ್ಲು. ಪಟ್ಟಿಯಲ್ಲಿ ಒಂದಕ್ಷರ ಬದಲಾಗಿಲ್ಲ, ಪ್ರಶ್ನೆ ಬದಲಾಗಿದೆ.

ಹೀಗಾಗಿ ಯಾರಾದರೂ ಪಟ್ಟಿ ತೋರಿಸಿ ‘ಹ್ಯಾಂಗದ ನೋಡ್ರಿ’ ಎಂದರೆ ನಾನು ಮೊದಲು ಕೇಳುವುದು ಏನು ತಂದಿರಿ ಎಂದಲ್ಲ, ಏನು ಬಿಟ್ಟು ಬಂದಿರಿ ಎಂದು. ಎಲ್ಲಕ್ಕೂ ಉತ್ತರ ಇಟ್ಟುಕೊಂಡ ಪಟ್ಟಿ ನನಗೆ ಸಪ್ಪೆ. ಒಂದು ಆನೆ, ಒಂದು ತೋಪು, ಒಂದು ಕುದುರೆ, ಎಲ್ಲ ಒಂದೊಂದು ಚೂರು ತಂದವರು ಯಾವುದನ್ನೂ ನೆಟ್ಟಗೆ ಮಾಡಲಾರರು. ಒಳ್ಳೆಯ ಪಟ್ಟಿಯಲ್ಲಿ ಒಂದು ದೊಡ್ಡ ತೂತು ಇರುತ್ತದೆ. ಆ ತೂತು ಎಲ್ಲಿದೆ ಎಂದು ಕಟ್ಟಿದವರಿಗೆ ಗೊತ್ತಿರುತ್ತದೆ. ಎದುರಾಳಿ ಅಲ್ಲಿಗೆ ಬಂದು ಮುಟ್ಟುವಷ್ಟರಲ್ಲಿ ಆಟ ಮುಗಿಸುವುದೇ ಅವರ ತಂತ್ರ.

ಆಟ ನೋಡಲು ಕೂತಾಗ ಪಡೆ ಇಡುವ ಹೊತ್ತನ್ನು ತಪ್ಪಿಸಿಕೊಳ್ಳಬೇಡಿ. ದಾಳ ಉರುಳುವ ಮುಂಚೆಯೇ ಅರ್ಧ ಯುದ್ಧ ಅಲ್ಲಿ ಮುಗಿಯುತ್ತದೆ. ಇಬ್ಬರೂ ಒಂದೊಂದೇ ತುಕಡಿ ಇಡುತ್ತಾ ಹೋಗುವ ನಿಯಮವಿದ್ದರೆ, ಹೆಚ್ಚು ತುಕಡಿ ಇರುವವರಿಗೆ ಕೊನೆಯ ಮಾತು ಸಿಗುತ್ತದೆ. ಮೇಲಿನ ಪಟ್ಟಿಯಲ್ಲಿ ಸೇನಾಪತಿ ಸೇರಿ ಮರಾಠರಿಗೆ ಹನ್ನೊಂದು, ನಿಜಾಮನಿಗೆ ಒಂಬತ್ತು. ನಿಜಾಮನ ಮೂರೂ ತೋಪು ಕೂತ ಮೇಲೆ ಕೊನೆಯ ಎರಡು ಕುದುರೆಗೆ ಜಾಗ ಹುಡುಕುವ ಸುಖ ಭಾವೂನದು. ಅಗ್ಗದ ತುಕಡಿಗೆ ಕೊಟ್ಟ ಬೆಲೆಯಲ್ಲಿ ಇದೂ ಸೇರಿದೆ. ಪಟ್ಟಿಯಲ್ಲಿ ಕಾಣುವುದಿಲ್ಲ, ಅಷ್ಟೇ.

ದಾಳದ ವಿಚಾರಕ್ಕೆ ಬಂದರೆ, ಅದೃಷ್ಟದ ಆಟ ಎಂದು ಮೂಗು ಮುರಿಯುವವರು ಒಂದು ಸಣ್ಣ ಲೆಕ್ಕ ಮಾಡಿ ನೋಡಬೇಕು. ಹತ್ತು ದಾಳ, ನಾಲ್ಕು ಅಥವಾ ಮೇಲೆ ಬಿದ್ದರೆ ಪೆಟ್ಟು: ಸರಾಸರಿ ಐದು. ಪೆಟ್ಟು ತಿಂದವರು ಐದು ಅಥವಾ ಆರು ಹಾಕಿದರೆ ಪಾರು: ಬೀಳುವವರು ಮೂರಕ್ಕೆ ಸ್ವಲ್ಪ ಹೆಚ್ಚು. ಅದೇ ಜನ ಗೋಡೆಯ ಹಿಂದೆ ನಿಂತು, ನಾಲ್ಕಕ್ಕೇ ಪಾರಾಗುವಂತಿದ್ದರೆ ಎರಡೂವರೆ. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದದ್ದಕ್ಕೆ ಸಾವು ಕಾಲು ಭಾಗ ಇಳಿಯಿತು. ಇನ್ನೊಂದು: ಒಂದೇ ದಾಳದ ತೋಪು ಎರಡು ಸಲಕ್ಕೊಮ್ಮೆ ಗುರಿ ತಪ್ಪುತ್ತದೆ. ಮೂರು ತೋಪು ಒಟ್ಟಿಗೆ ತಪ್ಪುವುದು ಎಂಟಕ್ಕೊಮ್ಮೆ ಮಾತ್ರ. ಹಾಗಾಗಿ ಮರಾಠರ ಒಂಟಿ ತೋಪನ್ನು ನಂಬಿ ಯೋಜನೆ ಹಾಕುವವರು ದಡ್ಡರು. ಅದು ಬೆದರಿಸಲಿಕ್ಕೆ ಮಾತ್ರ. ಆರು ಬಿದ್ದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಮೂರು ಬಿದ್ದರೂ ಕೆಟ್ಟುಹೋಗದ ಹಾಗೆ ನಡೆಸಿದವರಿಗೆ ನೀವು ತಟ್ಟಿ.

ಮೀಸಲು ಪಡೆಯ ಮೇಲೂ ಒಂದು ಕಣ್ಣಿರಲಿ. ಉದಗೀರದ ಮರುವರ್ಷ, 1761ರ ಜನವರಿ 14ರಂದು, ಇದೇ ಭಾವೂ ಇದೇ ಗಾರ್ದಿಯನ್ನು ಕರೆದುಕೊಂಡು ಪಾಣಿಪತ್ತದಲ್ಲಿ ಅಫ್ಘಾನ್ ದೊರೆ ಅಬ್ದಾಲಿಯ ಎದುರು ನಿಂತ. ಅಲ್ಲಿ ಪಾತ್ರ ಅದಲುಬದಲಾಗಿತ್ತು. ಅನ್ನ ಮೇವು ಮುಗಿದು, ಸಾವಿರಾರು ಯಾತ್ರಿಕರನ್ನೂ ಪರಿವಾರವನ್ನೂ ಹೊತ್ತು, ಸುತ್ತು ಹರಿದು ಹೊರಬೀಳಬೇಕಾದವರು ಈಗ ಮರಾಠರು. ಗಾರ್ದಿಯ ಬಂದೂಕುಗಳು ಬೆಳಗ್ಗೆ ಅಬ್ದಾಲಿ ಪಕ್ಷದ ರೋಹಿಲರನ್ನು ಚೆನ್ನಾಗಿಯೇ ತರಿದವು. ಆದರೆ ಪಕ್ಕ ಕಾಯಬೇಕಿದ್ದ ಕುದುರೆ ಪಡೆ ಮುನ್ನುಗ್ಗಿ ಸಾಲು ಒಡೆಯಿತು. ಮಧ್ಯಾಹ್ನ ಅಬ್ದಾಲಿ ತನ್ನ ತಾಜಾ ಮೀಸಲನ್ನೂ ಒಂಟೆ ಮೇಲಿನ ಜಂಬೂರಕ್ ತೋಪುಗಳನ್ನೂ ಬಿಟ್ಟಾಗ ಭಾವೂನ ಕೈಯಲ್ಲಿ ಎಸೆಯಲು ಏನೂ ಉಳಿದಿರಲಿಲ್ಲ. ಮೇಜಿನ ಮೇಲೆ ಎರಡು ತುಕಡಿ ಸುಮ್ಮನೆ ಹಿಂದೆ ನಿಂತಿರುವುದನ್ನು ಕಂಡು ‘ಇವು ಯಾಕೆ ಆಡುತ್ತಿಲ್ಲ’ ಎಂದು ಹೊಸಬರು ಕೇಳುತ್ತಾರೆ. ಅವು ಆಡುತ್ತಲೇ ಇವೆ. ಎದುರಾಳಿ ಪ್ರತಿ ಸುತ್ತಿನಲ್ಲೂ ಅವುಗಳ ಕಡೆ ಕಣ್ಣು ಹಾಯಿಸಿ ತನ್ನ ನಡೆ ಬದಲಿಸುತ್ತಿರುತ್ತಾನೆ.

ನಿಜವಾದ ಉದಗೀರದಲ್ಲಿ ಸಮತೋಲ ಇರಲಿಲ್ಲ ಎಂದು ಯಾರಾದರೂ ತಕರಾರು ತೆಗೆದಾರು, ಸರಿಯೇ. ಮರಾಠರ ಸಂಖ್ಯೆ ಬಹಳ ಹೆಚ್ಚಿತ್ತು, ಸಮ ಬಲದ ಎದುರಾಳಿ ಬೇಕು ಎಂದು ಯಾವ ಸೇನಾಪತಿ ಹರಕೆ ಹೊರುತ್ತಾನೆ? ಇತಿಹಾಸಕ್ಕೆ ನಿಷ್ಠರಾಗಿಯೇ ಆಡಬೇಕೆಂದರೆ ಮರಾಠರಿಗೆ 150 ಪಾಯಿಂಟು ಕೊಡಿ. ನಿಜಾಮನಿಗೆ ಪೂರ್ತಿ ಗೆಲುವು ಬೇಡ, ಒಂದೇ ಒಂದು ತೋಪು ಧಾರೂರು ಮುಟ್ಟಿದರೆ ಅವನದೇ ಗೆಲುವು ಎನ್ನಿ. ಬಲ ಕಡಿಮೆ ಇದ್ದವನಿಗೆ ಹಗುರ ಗುರಿ, ಹೆಚ್ಚಿದ್ದವನಿಗೆ ಕಠಿಣ ಗುರಿ. ಆಡು-ಹುಲಿಯ ನ್ಯಾಯವೂ ಇದೇ.

ಶುರು ಮಾಡಲು ಸೀಸದ ಬೊಂಬೆ ತರಿಸಬೇಕಿಲ್ಲ, 28 ಮಿಲಿಮೀಟರಿನ ಬೊಂಬೆಗೆ ಬಣ್ಣ ಬಳಿಯುವ ಹುಚ್ಚು ಆಮೇಲೆ ತಾನಾಗಿ ಹತ್ತುತ್ತದೆ. ಹಳೆಯ ರಟ್ಟಿನ ಡಬ್ಬಿ ಕತ್ತರಿಸಿ, ಒಂದೊಂದರ ಮೇಲೆ ಕುದುರೆ, ತೋಪು, ಕಾಲಾಳು ಎಂದು ಬರೆಯಿರಿ. ಚಾದರದ ಕೆಳಗೆ ಪುಸ್ತಕ ಇಟ್ಟರೆ ದಿಬ್ಬ, ನೀಲಿ ದಾರ ಎಳೆದರೆ ಮಾಂಜ್ರಾ ಹೊಳೆ. ಮೇಲಿನ ಎರಡು ಪಟ್ಟಿ ಹಿಡಿದು ಒಂದು ಆಟ ಆಡಿ, ಆಮೇಲೆ ಪಕ್ಷ ಅದಲುಬದಲು ಮಾಡಿ ಇನ್ನೊಂದು ಆಡಿ. ಎರಡು ಸಲವೂ ಮರಾಠರ ಪಕ್ಷವೇ ಗೆದ್ದರೆ ನನ್ನ ಬೆಲೆ ತಪ್ಪಿದೆ: ತೋಪನ್ನು 15ರಿಂದ 13ಕ್ಕೆ ಇಳಿಸಿ, ಅಥವಾ ಎಂಟು ಸುತ್ತನ್ನು ಹತ್ತು ಮಾಡಿ. ಆದರೆ ಎರಡನ್ನೂ ಒಟ್ಟಿಗೆ ಬದಲಿಸಬೇಡಿ, ಯಾವುದು ಫಲ ಕೊಟ್ಟಿತೆಂದು ತಿಳಿಯುವುದಿಲ್ಲ.